ಹಳ್ಳಿ ಪಬ್ಬಲ್ಲಿ ಸಂಡೇ ರೋಸ್ಟ್: ಕಾರ್ವರಿನಾ, ಗ್ಯಾಸ್ಟ್ರೋಪಬ್ಬಾ?

ಇಂಗ್ಲೆಂಡ್ ಹಳ್ಳಿ ಕಡೆ ಭಾನುವಾರ ಸುತ್ತೋಕೆ ಹೋದ್ರೆ ಸಂಡೇ ರೋಸ್ಟ್ ಊಟಕ್ಕೆ (ರೋಸ್ಟ್ ಮಾಡಿದ ಮಾಂಸ, ಆಲೂಗಡ್ಡೆ, ತರಕಾರಿ, ಗ್ರೇವಿ) ಸಾಮಾನ್ಯವಾಗಿ ಇವೆರಡೇ ಕಣ್ಣಿಗೆ ಬೀಳೋದು, ಎರಡರಲ್ಲೂ ಕೈ ಸುಟ್ಕೊಂಡಿದೀನಿ.

ಕಾರ್ವರಿ ಅಂದ್ರೆ ತಟ್ಟೆ ಹಿಡ್ಕೊಂಡು ಕ್ಯೂ, ಮಾಂಸ ಅವ್ರು ಕೊಯ್ದು ಹಾಕ್ತಾರೆ, ತರಕಾರಿ ನಾವೇ ಬಡಿಸ್ಕೊಬೇಕು. ರೇಟ್ ಕಮ್ಮಿ, ಕಾಯೋದೂ ಕಮ್ಮಿ, ಆದ್ರೆ 2 ಗಂಟೆ ಮೇಲೆ ಹೋದ್ರೆ ಬಿಸಿಯಾಗಿಡೋ ದೀಪದ ಕೆಳಗೆ ಒಣಗಿ ಚಕ್ಕೆಯಾದ ಟರ್ಕಿ, ನೀರು ಬಿಟ್ಕೊಂಡ ಕ್ಯಾಬೇಜು, ಯಾರ್ಕ್‌ಷೈರ್ ಪುಡ್ಡಿಂಗ್ (ಮೈದಾ, ಮೊಟ್ಟೆ, ಹಾಲಿನ ಹಿಟ್ಟು ಉಬ್ಬಿಸಿ ಬೇಯಿಸಿದ್ದು, ಸಿಹಿಯಲ್ಲ) ಅಂತೂ ನಮ್ಮನೆ ಹಪ್ಪಳಕ್ಕಿಂತ ಗಟ್ಟಿ. 12ಕ್ಕೇ ಹೋಗ್ಬಿಡಿ.

ಗ್ಯಾಸ್ಟ್ರೋಪಬ್ ಅಂದ್ರೆ ಕುಡಿಯೋದಕ್ಕಿಂತ ಊಟಕ್ಕೆ ಒತ್ತು ಕೊಡೋ ಪಬ್ಬು. ಅಲ್ಲಿ ಅಡುಗೆ ಚೆನ್ನಾಗಿದ್ರೆ ನಿಜಕ್ಕೂ ಚೆನ್ನಾಗಿರತ್ತೆ, ಕೆಟ್ರೆ ದುಡ್ಡು ಕೊಟ್ಟು ಕೆಟ್ಟಂಗೆ. ಹೋದ್ಸಲ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ದೆ, 50 ನಿಮಿಷ ಕಾದ್ಮೇಲೆ ನಟ್ ರೋಸ್ಟ್ (ಮಾಂಸದ ಬದಲು ಬಾದಾಮಿ, ಗೋಡಂಬಿ ಥರದ ಬೀಜಗಳಲ್ಲಿ ಮಾಡೋ ವೆಜ್ ರೋಸ್ಟ್) ಬಂತು, ಮೇಲೆ ಬಿಸಿ, ಒಳಗೆ ಫ್ರಿಜ್ಜು. ಹುಡುಗ ಬಂದು ‘ಎಲ್ಲಾ ಓಕೆನಾ’ ಅಂದ, ಅಮ್ಮ ಬಾಯಿ ತೆಗೆಯೋದ್ರೊಳಗೆ ಪಕ್ಕದ ಟೇಬಲ್‌ಗೆ ಹೋಗಿದ್ದ. ಬಿಲ್ಲಲ್ಲಿ 12.5 ಪರ್ಸೆಂಟ್ ಸರ್ವಿಸ್ ಚಾರ್ಜ್ ಬೇರೆ! ಆಪ್ಷನಲ್ ಅಂತ ಬರ್ದಿದ್ರೆ ತೆಗೀರಿ ಅನ್ನಿ, ನಾಚ್ಕೊಬೇಡಿ.

ವೆಜ್ ಆದ್ರೆ ಎರಡೂ ಕಡೆ ಗ್ರೇವಿ ಮತ್ತೆ ರೋಸ್ಟ್ ಆಲೂಗಡ್ಡೆ ಬಗ್ಗೆ ಕೇಳಿ, ಎಷ್ಟೋ ಕಡೆ ದನದ ಇಲ್ಲಾ ಬಾತುಕೋಳಿ ಕೊಬ್ಬಲ್ಲೇ ಹುರೀತಾರೆ. ಬಾಗಿಲಲ್ಲಿರೋ 5ರ ಹೈಜೀನ್ ಸ್ಟಿಕ್ಕರ್ ನೋಡಿ ರುಚಿ ಗ್ಯಾರಂಟಿ ಅನ್ಕೊಬೇಡಿ, ಅದು ಕ್ಲೀನಾಗಿದ್ಯಾ ಅನ್ನೋದಕ್ಕಷ್ಟೇ.

ಮಕ್ಕಳಿದ್ರೆ ಕಾರ್ವರಿ. ಇಬ್ರೇ ಇದ್ದು ಟೈಮಿದ್ರೆ ಇನ್ನೊಂದು, ಫೋನ್ ಮಾಡಿ ಕಿಚನ್ ಎಷ್ಟೊತ್ತಿಗೆ ಮುಚ್ಚುತ್ತೆ ಅಂತ ಕೇಳ್ಕೊಂಡು.