ರಸಮಟ್ಟ ಇಲ್ಲದೆ ಸಮುದ್ರದ ಕಡೆ ಹೊರಡಬೇಡಿ: ಕ್ಯಾಂಪರ್ ವ್ಯಾನಿನ ಜೊತೆ ಎರಡೂವರೆ ವರ್ಷ

ನಮ್ಮ ಕ್ಯಾಂಪರ್ ವ್ಯಾನಿನ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಗಾಡಿಯ, ಈ ವಿಮರ್ಶೆಯನ್ನು ಬರೆಯಲು ಹಿಂದೆ ಎರಡು ಸಲ ಕುಳಿತಿದ್ದೆ. ಎರಡು ಸಲವೂ ಮೊದಲ ಸಾಲಿನಲ್ಲೇ ಅದರ ಫ್ರಿಜ್ಜಿಗೆ ಬೈಯಲು ಶುರುಮಾಡಿ, ಮುಂದಕ್ಕೆ ಹೋಗಲಾಗದೆ ಬಿಟ್ಟೆ. ಈಗ ಸಿಟ್ಟು ಬಹಳಮಟ್ಟಿಗೆ ಇಳಿದಿದೆ, ಬರೆಯಬಹುದು ಅನ್ನಿಸುತ್ತಿದೆ.

ಎಂಜಿನ್ ಎಷ್ಟರದು, ಗಾಡಿ ಎಷ್ಟು ಉದ್ದ, ಎಷ್ಟು ಹಾಸಿಗೆ ಎಂಬುದನ್ನೆಲ್ಲ ಕೊಳ್ಳಲು ಹೊರಟವರು ಆಗಲೇ ನೋಡಿರುತ್ತೀರಿ. ನಮ್ಮದು ಸೆಕೆಂಡ್‌ಹ್ಯಾಂಡ್ ಗಾಡಿ. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ನಾನು, ನನ್ನ ಗಂಡ, ಹನ್ನೆರಡು ವರ್ಷದ ಮಗಳು, ಏಳು ವರ್ಷದ ಮಗ ಮತ್ತು ಎಪ್ಪತ್ತು ದಾಟಿದ ನನ್ನ ಮಾವ, ಒಟ್ಟು ಐದು ಜನ. ಓಡಿಸುವವಳು ನಾನು. ಈ ಗಾಡಿಯಲ್ಲಿ ನಾವು ಹೋಗಿರುವುದೆಲ್ಲ ಹೆಚ್ಚುಕಡಿಮೆ ಕಡಲತೀರಕ್ಕೇ. ಮಕ್ಕಳಿಗೆ ಬೇರೆ ದಿಕ್ಕೇ ಗೊತ್ತಿಲ್ಲ.

ಮೊದಲ ಪ್ರವಾಸದ ಮೂರನೆಯ ದಿನ ಬೆಳಿಗ್ಗೆ ಹಾಲು ಕಾಯಿಸಿದರೆ ಒಡೆಯಿತು. ಫ್ರಿಜ್ಜಿನೊಳಗಿನ ಥರ್ಮಾಮೀಟರ್ 19 ಡಿಗ್ರಿ ತೋರಿಸುತ್ತಿತ್ತು. ಹಾಲು ಹೋದರೆ ಹೋಗಲಿ, ಮಾವನವರ ಇನ್ಸುಲಿನ್ ಅದರಲ್ಲೇ ಇತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಮುಂದಿನ ಊರಿನ ಔಷಧಿ ಅಂಗಡಿಯವರು ಇನ್ಸುಲಿನ್ ಪೆನ್ನುಗಳ ಮೇಲಿನ ಮುದ್ರಣವನ್ನೆಲ್ಲ ಓದಿ, "ಇವನ್ನು ಇವತ್ತಿನಿಂದ ಹೊರಗಿಟ್ಟ ಹಾಗೆಯೇ ಲೆಕ್ಕ ಹಾಕಿಕೊಳ್ಳಿ, 28 ದಿನದೊಳಗೆ ಮುಗಿಸಿ, ಬಿಸಿಲಿಗೆ ಬಿಡಬೇಡಿ" ಎಂದರು. ಅಂದು ಇಡೀ ದಿನ ನಾನು ಸಮುದ್ರವನ್ನು ಸರಿಯಾಗಿ ನೋಡಲೇ ಇಲ್ಲ. ಐದು ನಿಮಿಷಕ್ಕೊಮ್ಮೆ ಫ್ರಿಜ್ಜಿನ ಬಾಗಿಲು ತೆರೆದು ಕೈಯಿಟ್ಟು ನೋಡುತ್ತಿದ್ದೆ. ಅದರಿಂದ ಅದು ಇನ್ನಷ್ಟು ಬೆಚ್ಚಗಾಯಿತು.

ಊರಿಗೆ ಮರಳಿ ಗ್ಯಾರೇಜಿಗೆ ಕೊಟ್ಟೆ. ಮರುದಿನ ಫೋನ್ ಬಂತು: ಫ್ರಿಜ್ ಚೆನ್ನಾಗಿದೆ, ಮಂಜು ಕಟ್ಟುತ್ತಿದೆ. ಮತ್ತೆ ಸಮುದ್ರಕ್ಕೆ ಹೋದೆವು, ಮತ್ತೆ ಕೆಟ್ಟಿತು. ಮತ್ತೆ ಗ್ಯಾರೇಜು, ಮತ್ತೆ ಮಂಜು. ಮೂರನೆಯ ಸಲ ಆ ಮೆಕ್ಯಾನಿಕ್ ನನ್ನ ಕಡೆಗೆ ನೋಡಿದ ನೋಟದಲ್ಲಿ, ಹಲ್ಲುನೋವೆಂದು ಬಂದು ಕುರ್ಚಿಯಲ್ಲಿ ಕುಳಿತ ಕೂಡಲೇ ನೋವಿಲ್ಲ ಎನ್ನುವವರ ಕಡೆಗೆ ದಂತವೈದ್ಯರು ನೋಡುವ ತಾಳ್ಮೆ ಇತ್ತು. ಬೇಕಿದ್ದರೆ ಪೂರ್ತಿ ಫ್ರಿಜ್ ಬದಲಿಸಿಕೊಡುತ್ತೇನೆ ಎಂದ. ಆ ಮೊತ್ತ ಕೇಳಿ, ಗಾಡಿಯನ್ನೇ ಮಾರುವ ಜಾಹೀರಾತು ಬರೆದಿಟ್ಟೆ.

ರೋಗ ಕಂಡುಹಿಡಿದವರು ಮಾವ. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು ಅವರು. ಮಾರುವ ಮೊದಲು ಕೊನೆಯದೊಂದು ಪ್ರವಾಸ ಎಂದು ಹೊರಟಿದ್ದೆವು. ಸಂಜೆ ಚಹಾದ ಲೋಟವನ್ನು ಮೇಜಿನ ಮೇಲಿಟ್ಟುಕೊಂಡು ಮಾವ ಬಹಳ ಹೊತ್ತು ಕುಡಿಯದೆ ಅದನ್ನೇ ನೋಡುತ್ತಿದ್ದರು. ಚಹಾ ಲೋಟದ ಒಂದು ಕಡೆಯ ಅಂಚಿನ ಹತ್ತಿರ ಇತ್ತು, ಇನ್ನೊಂದು ಕಡೆ ಕೆಳಗಿತ್ತು. ಆಮೇಲೆ ಕಿಟಕಿಯತ್ತ ಕೈ ತೋರಿಸಿ, "ಸಮುದ್ರ ಓರೆಯಾಗಿದೆಯೇನಮ್ಮ?" ಎಂದರು. ನಿಜಕ್ಕೂ ಓರೆಯಾಗಿತ್ತು. ನೀರು ಆಕಾಶವನ್ನು ಮುಟ್ಟುವ ಗೆರೆ ಕಿಟಕಿಯ ಚೌಕಟ್ಟಿಗೆ ಸಮನಾಗಿರಲಿಲ್ಲ. ಆ ಕಿಟಕಿಯನ್ನು ಕೂರಿಸುವಾಗಲೇ ವಕ್ರವಾಗಿ ಕೂರಿಸಿದ್ದಾರೆ ಎಂದು ನಾನು ವರ್ಷದಿಂದ ನಂಬಿಕೊಂಡಿದ್ದೆ. ಕಂಪನಿಯನ್ನು ಒಂದೆರಡು ಸಲ ಬೈದೂ ಇದ್ದೆ.

ಫ್ರಿಜ್ಜಿನ ಕೈಪಿಡಿ ತೆಗೆದು ಓದಿದರೆ, ಒಳಗೆಲ್ಲೋ ಒಂದೇ ಸಾಲು: ನಿಲ್ಲಿಸಿದಾಗ ಗಾಡಿಯ ಓರೆ 3 ಡಿಗ್ರಿಗಿಂತ ಹೆಚ್ಚಿರಬಾರದು. ಆ ಸಾಲನ್ನು ಕೆಂಪು ಅಕ್ಷರದಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ಬರೆಯಬೇಕಿತ್ತು.

ಇದು ಮನೆಯ ಫ್ರಿಜ್ಜಿನಂತಲ್ಲ. ಗ್ಯಾಸಿನ ಉರಿಯಿಂದ ತಂಪು ಮಾಡುವ ಫ್ರಿಜ್. ಒಳಗೆ ಅಮೋನಿಯ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಕೆಳಗೆ ಉರಿ ತಗುಲಿದರೆ ಅಮೋನಿಯ ನೀರಿನಿಂದ ಬಿಡಿಸಿಕೊಂಡು ಆವಿಯಾಗಿ ಮೇಲೇರುತ್ತದೆ, ತಣಿದು ದ್ರವವಾಗುತ್ತದೆ, ಫ್ರಿಜ್ಜಿನೊಳಗಿನ ಕೊಳವೆಯಲ್ಲಿ ಹೈಡ್ರೋಜನ್ ನಡುವೆ ಮತ್ತೆ ಆವಿಯಾಗುತ್ತ ಶಾಖವನ್ನು ಹೀರಿಕೊಳ್ಳುತ್ತದೆ, ಕೊನೆಗೆ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, 1922ರಲ್ಲಿ ಯೋಚಿಸಿದ ವಿಧಾನ ಇದು. ಪಂಪ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ, ಸದ್ದಿಲ್ಲ. ಆದರೆ ಪಂಪಿನ ಕೆಲಸವನ್ನು ಇಳಿಜಾರು ಮಾಡುತ್ತದೆ. ಕೊಳವೆಗಳಿಗೆ ಕೊಟ್ಟಿರುವ ಇಳಿಜಾರು ಬಹಳ ಸಣ್ಣದು. ಗಾಡಿ ವಾಲಿದರೆ ದ್ರವ ನಡುವೆಲ್ಲೋ ನಿಂತುಬಿಡುತ್ತದೆ. ಕೆಳಗೆ ಉರಿ ಉರಿಯುತ್ತಲೇ ಇರುತ್ತದೆ, ಮೇಲೆ ತಂಪಿಲ್ಲ. ಹಾಗೆಯೇ ಬಿಟ್ಟರೆ ಕುದಿಯುವ ಭಾಗ ಒಣಗಿ, ಕೊಳವೆ ಒಳಗೇ ಕಟ್ಟಿಕೊಂಡು, ಫ್ರಿಜ್ ಶಾಶ್ವತವಾಗಿ ಹೋಗುತ್ತದೆ. ಓಡುವಾಗ ಈ ತೊಂದರೆ ಇಲ್ಲ, ಕುಲುಕಾಟದಲ್ಲಿ ದ್ರವ ನಿಲ್ಲುವುದಿಲ್ಲ. ಗ್ಯಾರೇಜಿನ ನೆಲವಂತೂ ಅಂಗೈಯಷ್ಟು ಸಮ. ಅಲ್ಲಿ ಮಂಜು ಕಟ್ಟದೆ ಇನ್ನೇನು ಮಾಡೀತು!

ಸಮುದ್ರದ ಬದಿಯ ನೆಲ ಮಾತ್ರ ಎಲ್ಲಿಯೂ ಸಮವಿಲ್ಲ. ಮಳೆ ನೀರು ಹರಿದುಹೋಗಲೆಂದು ವಾಹನ ನಿಲ್ಲಿಸುವ ಜಾಗಗಳನ್ನು ಇಳಿಜಾರಾಗಿಯೇ ಕಟ್ಟಿರುತ್ತಾರೆ. ಎಡ ಚಕ್ರಕ್ಕೂ ಬಲ ಚಕ್ರಕ್ಕೂ 2 ಮೀಟರ್ ಅಂತರವಿದ್ದರೆ, 3 ಡಿಗ್ರಿ ಎಂದರೆ ಬರೀ 10 ಸೆಂಟಿಮೀಟರ್ ಎತ್ತರದ ವ್ಯತ್ಯಾಸ. ಹೊರಗೆ ನಿಂತು ನೋಡಿದರೆ ಕಣ್ಣಿಗೆ ಕಾಣುವುದಿಲ್ಲ. ಒಳಗೆ ಮಲಗಿದರೆ ತಿಳಿಯುತ್ತದೆ, ರಾತ್ರಿಯಿಡೀ ಗಂಡ ನನ್ನ ಮೇಲೆ ಉರುಳಿ ಬರುತ್ತಿದ್ದುದಕ್ಕೂ ಇದೇ ಕಾರಣವಿತ್ತು.

ಅಂದೇ ಸರಿಮಾಡಲು ಹೋಗಿ ಒಂದು ತಪ್ಪು ಮಾಡಿದೆ. ಗಾಡಿಯ ಮೂಲೆಗಳಲ್ಲಿ ಇಳಿಬಿಡುವ ಕಾಲುಗಳಿವೆಯಲ್ಲ, ಅವುಗಳನ್ನು ತಿರುವಿ ತಿರುವಿ ಒಂದು ಬದಿಯನ್ನು ಎತ್ತಲು ನೋಡಿದೆ. ಅವು ಗಾಡಿ ಅಲುಗಾಡದಂತೆ ಆನಿಸಿಕೊಡುವ ಕಾಲುಗಳು, ಭಾರ ಎತ್ತುವವಲ್ಲ. ಒಂದು ಕಾಲು ಸೊಟ್ಟಗಾಯಿತು, ಈಗಲೂ ಸೊಟ್ಟಗೇ ಇದೆ. ಎತ್ತಬೇಕಾದದ್ದು ಚಕ್ರವನ್ನು. ಮೆಟ್ಟಿಲು ಮೆಟ್ಟಿಲಾಗಿರುವ ಪ್ಲಾಸ್ಟಿಕ್ ಬೆಣೆಗಳು ಸಿಗುತ್ತವೆ, ಅವುಗಳ ಮೇಲೆ ಚಕ್ರ ಹತ್ತಿಸಬೇಕು. ಗಾಡಿಯ ಜೊತೆ ಕೊಳ್ಳಲೇಬೇಕಾದ ವಸ್ತು ಇದು. ಮಾರಿದವನು ಪರದೆಯ ಬಣ್ಣದಿಂದ ಹಿಡಿದು ಎಲ್ಲವನ್ನೂ ವಿವರಿಸಿದ್ದ, ಬೆಣೆಯ ಮಾತು ಎತ್ತಿರಲಿಲ್ಲ.

ಮುಂದಿನ ಪ್ರವಾಸಕ್ಕೆ ಮಾವ ತಮ್ಮ ಹಳೆಯ ರಸಮಟ್ಟವನ್ನು, ಅಂದರೆ ಸಮವಿದೆಯೇ ಎಂದು ಗಾಜಿನೊಳಗಿನ ಗುಳ್ಳೆಯಿಂದ ತೋರಿಸುವ ಪಟ್ಟಿಯನ್ನು, ಟವೆಲ್ಲಿನಲ್ಲಿ ಸುತ್ತಿ ತಂದರು. ಅಂಚಿನ ಮೇಲೆ ಒಣಗಿದ ಸಿಮೆಂಟಿನ ಕಲೆ ಇನ್ನೂ ಇದೆ. ಮೊಬೈಲಿನಲ್ಲೇ ನೋಡಬಹುದು ಎಂದು ಮಗಳು ತೋರಿಸಿದಳು. ಮಾವ ನೋಡಿ, ಚೆನ್ನಾಗಿದೆ ಎಂದು ಹೇಳಿ, ರಸಮಟ್ಟವನ್ನು ನೆಲದ ಮೇಲಿಟ್ಟರು.

ಅಲ್ಲಿಂದ ನಮ್ಮ ಸಂಜೆಗಳಿಗೆ ಒಂದು ಕ್ರಮ ಬಂತು. ನಾನು ಗಾಡಿ ನಿಲ್ಲಿಸಿ ಎಂಜಿನ್ ಆರಿಸದೆ ಕಾಯುತ್ತೇನೆ. ಒಳಗಿರುವ ಮೂವರಲ್ಲಿ ಯಾರೂ ಅಲುಗಾಡಬಾರದು. ಮಾವ ಮೊದಲು ಫ್ರಿಜ್ಜಿನ ಮುಂದೆ ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ರಸಮಟ್ಟ ಇಡುತ್ತಾರೆ. ಕನ್ನಡಕವನ್ನು ಹಣೆಗೇರಿಸಿ, ಮೊಣಕಾಲೂರಿ, ಗುಳ್ಳೆ ನಿಲ್ಲುವವರೆಗೆ ಉಸಿರು ಬಿಡುವುದಿಲ್ಲ. "ಬಲ ಮುಂದು, ಎರಡು" ಎನ್ನುತ್ತಾರೆ. ಬಲಗಡೆಯ ಮುಂದಿನ ಚಕ್ರ ಬೆಣೆಯ ಎರಡನೆಯ ಮೆಟ್ಟಿಲಿಗೆ ಎಂದರ್ಥ. ಮಗಳು ಇಳಿದು ಬೆಣೆ ಇಡುತ್ತಾಳೆ, ಬದಿಗೆ ಸರಿದು ಕೈ ಎತ್ತುತ್ತಾಳೆ. ಆ ಕೈ ಕಾಣುವವರೆಗೆ ನಾನು ಕ್ಲಚ್ ಬಿಡುವುದಿಲ್ಲ, ಇದು ನಮ್ಮಲ್ಲಿ ಬಹಳ ಕಟ್ಟುನಿಟ್ಟು. ಮೇಲೇರಿದ ಮೇಲೆ ಹ್ಯಾಂಡ್‌ಬ್ರೇಕ್, ಗೇರ್, ಚಕ್ರಕ್ಕೆ ಅಡ್ಡಗಟ್ಟೆ. ಮಗನ ಪಾಲಿಗೆ ಗೋಲಿಯ ಪರೀಕ್ಷೆ. ಎಲ್ಲ ಮುಗಿದ ಮೇಲೆ ಒಂದು ಗೋಲಿಯನ್ನು ನಡುಮನೆಯಲ್ಲಿ, ಅಂದರೆ ಒಲೆ ಮತ್ತು ಮೇಜಿನ ನಡುವಿನ ಎರಡು ಹೆಜ್ಜೆ ಜಾಗದಲ್ಲಿ, ಬಿಡುತ್ತಾನೆ. ಅದು ನಿಂತಲ್ಲೇ ನಿಂತರೆ ಕೇಕೆ. ಆಗ ಮಾತ್ರ ಗಂಡ ಗ್ಯಾಸಿನ ಗುಂಡಿ ತಿರುಗಿಸಿ ಫ್ರಿಜ್ ಹೊತ್ತಿಸುತ್ತಾನೆ. ಇಷ್ಟಕ್ಕೆ ಮೊದಮೊದಲು ನಲವತ್ತು ನಿಮಿಷ ಹಿಡಿಯುತ್ತಿತ್ತು, ಈಗ ಹತ್ತು.

ಮರಳು ಇನ್ನೊಂದು ಪಾಠ ಕಲಿಸಿತು. ಒಮ್ಮೆ ಸಂಜೆ ಗುಳ್ಳೆ ನಟ್ಟನಡುವೆ ನಿಂತಿತ್ತು, ಬೆಳಿಗ್ಗೆ ಎದ್ದರೆ ಗೋಲಿ ಬಾಗಿಲ ಬಳಿ ಇತ್ತು. ರಾತ್ರಿಯಲ್ಲಿ ಬೆಣೆ ಸಮೇತ ಚಕ್ರ ಕುಸಿದಿತ್ತು. ಈಗ ಬೆಣೆಯ ಕೆಳಗೆ ಅಗಲವಾದ ಹಲಗೆ ಹಾಸುತ್ತೇವೆ, ಒದ್ದೆ ಮರಳಿಗಂತೂ ಗಾಡಿ ಇಳಿಸುವುದೇ ಇಲ್ಲ. ಉಬ್ಬರದಿಂದ ಉಬ್ಬರಕ್ಕೆ ಸಾಮಾನ್ಯವಾಗಿ 12 ಗಂಟೆ 25 ನಿಮಿಷ. ಸಂಜೆ ಒಣಗಿ ಗಟ್ಟಿಯಾಗಿ ಕಂಡ ಜಾಗಕ್ಕೆ ನಿದ್ದೆಯ ಹೊತ್ತಿನಲ್ಲಿ ನೀರು ಬರಬಹುದು.

ಗಾಳಿಯದೂ ಒಂದು ರಗಳೆ. ಫ್ರಿಜ್ಜಿನ ಉರಿಗೆ ಗಾಳಿಯಾಡಲು ಗಾಡಿಯ ಹೊರಮೈಯಲ್ಲಿ ಜಾಲರಿ ಇದೆ. ಹಗಲು ನೆಲ ಬೇಗ ಕಾದು ಕಡಲ ಗಾಳಿ ದಡದತ್ತ ಬೀಸುತ್ತದೆ, ನೇರ ಜಾಲರಿಗೇ ಬಡಿದರೆ ಉರಿ ಆರುತ್ತದೆ. ಆಮೇಲೆ ಟಿಕ್ ಟಿಕ್ ಎಂದು ಕಿಡಿ ಹಾರಿಸುವ ಸದ್ದು, ಒಂದು ಮೌನ, ಮತ್ತೆ ಟಿಕ್ ಟಿಕ್. ಆದ್ದರಿಂದ ಜಾಲರಿ ಇರುವ ಮಗ್ಗುಲನ್ನು ಸಮುದ್ರಕ್ಕೆ ಒಡ್ಡುವಂತಿಲ್ಲ. ನಮ್ಮ ಗಾಡಿಯಲ್ಲಿ ದೊಡ್ಡ ಕಿಟಕಿ ಇರುವುದೂ ಅದೇ ಮಗ್ಗುಲಲ್ಲಿ. ಎರಡನ್ನೂ ಒಂದೇ ಕಡೆ ಇಟ್ಟವರು ತಮ್ಮ ಗಾಡಿಯನ್ನು ಎಂದಾದರೂ ಸಮುದ್ರದ ಬಳಿ ನಿಲ್ಲಿಸಿದ್ದರೋ ಇಲ್ಲವೋ! ನಾವೀಗ ಸಮುದ್ರಕ್ಕೆ ಬೆನ್ನು ಹಾಕಿ ಫ್ರಿಜ್ಜನ್ನು ಉಳಿಸಿಕೊಳ್ಳುತ್ತೇವೆ. ಸಮುದ್ರ ನೋಡಬೇಕಾದವರು ಕುರ್ಚಿ ಹಿಡಿದು ಹೊರಗೆ ಹೋಗಬೇಕು.

ಉಳಿದವುಗಳ ಬಗ್ಗೆ ಹೆಚ್ಚಿಲ್ಲ. ಉಪ್ಪು ಗಾಳಿಗೆ ಗ್ಯಾಸ್ ಪೆಟ್ಟಿಗೆಯ ಬಾಗಿಲಿನ ತಿರುಗಣೆಗಳು ವರ್ಷದೊಳಗೆ ತುಕ್ಕು ಹಿಡಿದವು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಲೋಹ ಒಣಗುವುದೇ ಇಲ್ಲ, ಮನೆಗೆ ಬಂದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದರೆ ಮಾತ್ರ ಉಳಿಗಾಲ. ಐದು ಜನರ ಉಸಿರಿಗೆ ಬೆಳಿಗ್ಗೆ ಕಿಟಕಿಯೆಲ್ಲ ನೀರು, ಚಾವಣಿಯ ಕಿಂಡಿಯನ್ನು ರಾತ್ರಿ ಸ್ವಲ್ಪ ತೆರೆದೇ ಇಡಿ. ನೆಲದಲ್ಲಿ ಒಂದು ಸಣ್ಣ ತೂತಿದೆ, ಚಳಿಗೆಂದು ಅದರ ಮೇಲೆ ಚಾಪೆ ಹಾಸಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಹೊರಹೋಗಲು ಇರುವ ದಾರಿ ಅದೇ. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಫ್ರಿಜ್ಜಿನ ಉರಿ ಆರಿಸಲೇಬೇಕು. ಹಾಸಿಗೆಗಳು ಪರವಾಗಿಲ್ಲ. ಶೌಚಾಲಯದ ಬಗ್ಗೆ ಕೇಳಬೇಡಿ.

ಮನೆಯದರಂತೆ ಕಂಪ್ರೆಸರ್ ಇರುವ ಫ್ರಿಜ್ ಹಾಕಿಸಿದರೆ ಈ ಗೋಳೇ ಇಲ್ಲವಲ್ಲ ಎಂದು ಕೇಳುವವರಿದ್ದೀರಿ. ನಿಜ, ಓರೆಯ ಬಗ್ಗೆ ಅದು ಇಷ್ಟು ಮುನಿಸಿಕೊಳ್ಳುವುದಿಲ್ಲ. ಆದರೆ ಅದು ಹಗಲುರಾತ್ರಿ ಬ್ಯಾಟರಿಯನ್ನು ಕುಡಿಯುತ್ತದೆ. ನಮ್ಮ ಹಳೆಯ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ತಗ್ಗುತ್ತದೆ. ಹಾಗಾಗಿ ಫ್ರಿಜ್ಜಿನ ಹಿಂದೆಯೇ ಲಿಥಿಯಂ ಬ್ಯಾಟರಿ, ಅದರ ಹಿಂದೆ ಸೋಲಾರ್ ಫಲಕ, ಅದರ ಹಿಂದೆ ಅದನ್ನು ಕೂರಿಸುವವನ ಕೂಲಿ. ಲೆಕ್ಕ ಹಾಕಿದರೆ ನಮ್ಮ ಮೂರು ವರ್ಷದ ಪ್ರವಾಸದ ಡೀಸೆಲ್ ಖರ್ಚು ಅದರಲ್ಲಿ ಬರುತ್ತದೆ. ಹಣ ಇರುವವರು ಹಾಕಿಸಿ, ಹೊಸ ಗಾಡಿ ಕೊಳ್ಳುವವರು ಮೊದಲೇ ಅದನ್ನೇ ಕೇಳಿ. ದಿನಕ್ಕೊಂದು ಜಾಗ ಬದಲಿಸುವವರಿಗೆ ನಮ್ಮ ಬಗೆಯ ಫ್ರಿಜ್ ತಲೆನೋವು. ಒಂದೇ ಕಡೆ ಮೂರು ನಾಲ್ಕು ದಿನ ನಿಲ್ಲುವ ನಮ್ಮಂಥವರಿಗೆ ಸಾಕು. ಮಾವನವರ ಇನ್ಸುಲಿನ್ನಿಗೆ ಮಾತ್ರ ಒಂದು ಪುಟ್ಟ ಥರ್ಮಾಸ್ ಪೆಟ್ಟಿಗೆ ಬೇರೆಯಾಗಿ ಇಟ್ಟಿದ್ದೇನೆ. ಅದರಲ್ಲಿ ನನಗೆ ರಾಜಿ ಇಲ್ಲ. ಐದರಲ್ಲಿ ಮೂರು ನಕ್ಷತ್ರ.

ಕಳೆದ ಸಲ ಹೋದಾಗ ಒಂದು ಹೊಸ ತಂಗುದಾಣ ಸಿಕ್ಕಿತು. ಕಾಂಕ್ರೀಟ್ ನೆಲ, ಬಿಳಿ ಗೆರೆ ಎಳೆದ ಚೌಕಗಳು. ನಿಲ್ಲಿಸಿದೆ, ಮಾವ ರಸಮಟ್ಟ ಇಟ್ಟರು. ಅಡ್ಡಕ್ಕೆ ಗುಳ್ಳೆ ನಡುವೆ, ಉದ್ದಕ್ಕೂ ನಡುವೆ. ಮಗಳು ಹೊರಗೆ ಎರಡು ಕೈಯಲ್ಲಿ ಎರಡು ಬೆಣೆ ಹಿಡಿದು ಕಾಯುತ್ತಿದ್ದಳು. ಮಗ ಬಿಟ್ಟ ಗೋಲಿ ಅಲುಗಲಿಲ್ಲ, ಅವನು ಕೇಕೆಯನ್ನೂ ಹಾಕಲಿಲ್ಲ. ಮಾವ ರಸಮಟ್ಟವನ್ನು ತಿರುಗಿಸಿ ಇಟ್ಟು ನೋಡಿದರು. ಆಮೇಲೆ ಎದ್ದು, ಬಾಗಿಲಲ್ಲಿ ನಿಂತು, ಮೂಗೆತ್ತಿ ಗಾಳಿ ನೋಡಿ, "ಇಲ್ಲಿ ಜಾಲರಿಗೆ ಗಾಳಿ ಬಡಿಯುತ್ತದೆ, ಆ ಮರದ ಹತ್ತಿರ ಹೋಗೋಣವಮ್ಮ" ಎಂದರು. ಮರದ ಹತ್ತಿರದ ನೆಲ ಇಲ್ಲಿಂದಲೇ ಓರೆಯಾಗಿ ಕಾಣುತ್ತಿತ್ತು. ನಾನು ರಿವರ್ಸ್ ಗೇರ್ ಹಾಕಿದೆ.