ವಾರ್ಷಿಕೋತ್ಸವವೋ, ಪ್ರತಿಭಾ ಕಾರಂಜಿಯೋ, ಮಕ್ಕಳ ಸಂತೆಯೋ? ನಮ್ಮ ಶಾಲೆಯಲ್ಲಿ ಮಾಡಿ ನೋಡಿದ್ದು

ನವೆಂಬರ್ ಬಂತು ಅಂದರೆ ನಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದೇ ಮಾತು. "ಈ ವರ್ಸ ಏನ್ ಮಾಡ್ಸಾನ ಮೇಷ್ಟ್ರೇ?" ಕೈಯಲ್ಲಿರುವ ದುಡ್ಡು ಕಡಿಮೆ, ದಿನಗಳು ಇನ್ನೂ ಕಡಿಮೆ. ಸಂಕ್ರಾಂತಿ ಕಳೆದರೆ ಹತ್ತನೇ ತರಗತಿಯವರಿಗೆ ಪೂರ್ವಸಿದ್ಧತಾ ಪರೀಕ್ಷೆಯ ಬಿಸಿ. ಆಮೇಲೆ ಆಟ, ಹಾಡು ಅಂತ ಯಾರೂ ಬಾಯಿ ಬಿಡುವ ಹಾಗಿಲ್ಲ.

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿ ಸೇರಿ ಸುಮಾರು 130 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಪಕ್ಕದ ಊರುಗಳಿಂದ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಬರುತ್ತಾರೆ. ನಾನು ಇಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕಾರ್ಯಕ್ರಮಗಳ ಜವಾಬ್ದಾರಿಯೂ ಹಲವು ವರ್ಷಗಳಿಂದ ನನ್ನದೇ. ಬೇರೆ ಬೇರೆ ವರ್ಷ ಬೇರೆ ಬೇರೆ ಥರ ಮಾಡಿ ನೋಡಿದ್ದೇವೆ. ನಾನು ನೋಡುವುದು ಎರಡೇ ಸಂಗತಿ. ಎಷ್ಟು ಮಕ್ಕಳಿಗೆ ಕೈತುಂಬ ಕೆಲಸ ಸಿಕ್ಕಿತು? ಮರುದಿನ ತರಗತಿಯಲ್ಲಿ ಏನಾದರೂ ಉಳಿಯಿತಾ?

ಮೊದಲು ವಾರ್ಷಿಕೋತ್ಸವ. ಊರಿನವರಿಗೆ ಇದೇ ಇಷ್ಟ, ಅದಕ್ಕೆ ಕಾರಣವೂ ಇದೆ. ಡಿಸೆಂಬರ್ ಅಂದರೆ ಇಲ್ಲಿ ಭತ್ತದ ಕೊಯ್ಲು, ಕಬ್ಬಿನ ಕಟಾವು. ಹಗಲು ಹೊತ್ತು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸಂಜೆ ಶಾಮಿಯಾನ ಹಾಕಿ, ಸೀರಿಯಲ್ ಸೆಟ್ ಬಿಟ್ಟು, ಮೈಕ್ ಹಾಕಿಸಿದರೆ ಅಜ್ಜಿಯಿಂದ ಹಿಡಿದು ಮೊಮ್ಮಗುವರೆಗೆ ಎಲ್ಲರೂ ಚಾಪೆ ತಂದು ಕೂರುತ್ತಾರೆ. ಮಗಳು ವೇದಿಕೆ ಮೇಲೆ ನಿಂತಾಗ ಅಪ್ಪನ ಮುಖ ನೋಡಬೇಕು. ಆ ಸಂತೋಷವನ್ನು ನಾನು ಹಗುರ ಮಾಡಿ ಹೇಳುವುದಿಲ್ಲ.

ಆದರೆ ಒಂದು ವರ್ಷ ನಡೆದದ್ದು ಇನ್ನೂ ಮನಸ್ಸಿನಲ್ಲಿದೆ. ಆರು ಗಂಟೆಗೆ ಶುರುವಾಗಬೇಕಿದ್ದ ಕಾರ್ಯಕ್ರಮ, ಅತಿಥಿಗಳು ಬರುವುದು ತಡವಾಗಿ ಏಳೂವರೆಗೆ ಶುರುವಾಯಿತು. ಭಾಷಣ, ಸನ್ಮಾನ, ಹಾರ ತುರಾಯಿ ಮುಗಿಯುವಷ್ಟರಲ್ಲಿ ಒಂಬತ್ತು. ಪಕ್ಕದ ಊರಿನ ಹೆಣ್ಣುಮಕ್ಕಳು ಕೊನೆ ಬಸ್ಸಿಗೆ ಅಂತ ಅಷ್ಟೊತ್ತಿಗಾಗಲೇ ಹೊರಟುಹೋಗಿದ್ದರು. ಮೂರು ವಾರ ಕೋಲಾಟ ಕಲಿತವರು ಅವರೇ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದು ಕಾನೂನು. ಹತ್ತಕ್ಕೆ ಮೈಕ್ ನಿಂತಿತು. 'ಪೂಜೆ' ಅನ್ನುವ ಬಿದಿರಿನ ಚೌಕಟ್ಟನ್ನು ತಲೆ ಮೇಲೆ ಹೊತ್ತು ಕುಣಿಯುವ ಪೂಜಾ ಕುಣಿತವನ್ನು ಕೊನೆಗೆ ಇಟ್ಟಿದ್ದೆವು, ಅದು ಆಗಲೇ ಇಲ್ಲ. ಎಂಟನೇ ತರಗತಿಯ ಒಬ್ಬ ಹುಡುಗ ಬಿದಿರಿನ ಪೂಜೆಯನ್ನು ತಬ್ಬಿಕೊಂಡು ಪರದೆ ಹಿಂದೆ ಸುಮ್ನೆ ನಿಂತಿದ್ದ. ಅದಕ್ಕೆ ಸುತ್ತಿದ್ದ ಸೀರೆ ಅವನ ಅಮ್ಮನದು. "ನಾಳೆ ಆಡ್ಬೋದಾ ಸಾರ್?" ಅಂತ ಕೇಳಿದ. ನನಗೆ ಉತ್ತರ ಸಿಗಲಿಲ್ಲ.

ಮುಂದಿನ ವರ್ಷ ಹಗಲು ಹೊತ್ತು ಇಟ್ಟೆವು. ಬಸ್ಸಿನ ತೊಂದರೆ ತಪ್ಪಿತು, ಆದರೆ ಕುರ್ಚಿಗಳು ಖಾಲಿ. ಖರ್ಚು ಅಷ್ಟೇ. ಬಾಡಿಗೆ ಡ್ರೆಸ್ಸಿನ ದುಡ್ಡು ಕೊಡಲಾಗದ ಮಕ್ಕಳು ಡ್ಯಾನ್ಸಿಗೆ ಹೆಸರನ್ನೇ ಕೊಡುವುದಿಲ್ಲ, "ನಂಗೆ ಬರಲ್ಲ ಸಾರ್" ಅಂತಾರೆ. ಬರುತ್ತೆ ಅಂತ ನಮಗೂ ಗೊತ್ತು, ಅವರಿಗೂ ಗೊತ್ತು.

ಇನ್ನು ಪ್ರತಿಭಾ ಕಾರಂಜಿ. ಇದು ಶಿಕ್ಷಣ ಇಲಾಖೆಯದೇ ಸ್ಪರ್ಧೆಗಳ ಕಾರ್ಯಕ್ರಮ. ಕ್ಲಸ್ಟರ್‌ನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ರಾಜ್ಯಕ್ಕೆ ಹೋಗುತ್ತಾರೆ. ಭಾಷಣ, ಭಾವಗೀತೆ, ಜನಪದ ಗೀತೆ, ರಂಗೋಲಿ, ಮಿಮಿಕ್ರಿ, ಚರ್ಚಾಸ್ಪರ್ಧೆ, ಒಂದಲ್ಲ ಒಂದು ಎಲ್ಲರಿಗೂ ಹೊಂದುತ್ತದೆ. ಖರ್ಚು ಹೆಚ್ಚಿಲ್ಲ. ಒಂದು ಮಗುವಿಗೆ ಇದು ಕೊಡುವ ಧೈರ್ಯವನ್ನು ಬೇರೆ ಯಾವುದೂ ಕೊಡಲಾರದು. ಅಜ್ಜಿಯ ಬಾಯಿಂದ ಕಲಿತ ಸೋಬಾನೆ ಪದ ಹಾಡಿ ತಾಲ್ಲೂಕಿನವರೆಗೆ ಹೋದ ನಮ್ಮ ಹುಡುಗಿ, ಅದಕ್ಕೆ ಮೊದಲು ಹಾಜರಿಗೂ ಜೋರಾಗಿ "ಹಾಜರ್ ಸಾರ್" ಅಂದವಳಲ್ಲ.

ಆದರೆ ಸ್ಪರ್ಧೆ ಅಂದಮೇಲೆ ನಾವೇ ಸೋಸಿಬಿಡುತ್ತೇವೆ. ಶಾಲೆಯಿಂದ ಹೊರಡುವುದು ಇಪ್ಪತ್ತು ಮಕ್ಕಳು. ಅವರ ಜೊತೆ ಇಬ್ಬರು ಮೂವರು ಶಿಕ್ಷಕರು. ಉಳಿದ 110 ಮಕ್ಕಳು ಅವತ್ತು ಮೇಷ್ಟ್ರಿಲ್ಲದ ತರಗತಿಯಲ್ಲಿ ಕೂತಿರುತ್ತಾರೆ. ಭಾಷಣವನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುವ ಅಭ್ಯಾಸ ನಮ್ಮ ಶಾಲೆಯಲ್ಲೂ ಇತ್ತು. ಈಗ ನಾನು ಬರೆದುಕೊಡುವುದನ್ನು ನಿಲ್ಲಿಸಿದ್ದೇನೆ. ಬಹುಮಾನ ಕಡಿಮೆ ಬರುತ್ತಿವೆ. ಬಂದರೆ ಮಗುವಿನದೇ ಮಾತಿಗೆ ಬರುತ್ತಿವೆ. ಹೋಬಳಿ ಮಟ್ಟದ ಕ್ರೀಡಾಕೂಟದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಖೋಖೋಗೆ ಕಣದಲ್ಲಿ ಒಂಬತ್ತು ಮಂದಿ, ಮಿಕ್ಕವರು ಚಪ್ಪಾಳೆ ತಟ್ಟುವವರು.

ಒಂದು ಸಲ ಹೊರಗೂ ಕರೆದುಕೊಂಡು ಹೋದೆವು. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ವಾ, 1974 ಮತ್ತು 1994 ಆದಮೇಲೆ ಮೂರನೇ ಸಲ. ಜನಪದಕ್ಕಾಗಿ ಬದುಕು ಕೊಟ್ಟ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ನಲವತ್ತು ಮಕ್ಕಳನ್ನು ಕರೆದೊಯ್ದೆವು. ಜನಜಾತ್ರೆಯಲ್ಲಿ ಲೆಕ್ಕ ಹಾಕಿ ಹಾಕಿ ಸಾಕಾಯಿತು. ವೇದಿಕೆಯ ಮಾತು ಮಕ್ಕಳಿಗೆ ಹೆಚ್ಚು ದಕ್ಕಲಿಲ್ಲ, ಪುಸ್ತಕದ ಮಳಿಗೆಗಳು ದಕ್ಕಿದವು. ಒಬ್ಬಳು ತಿಂಡಿಗೆ ಅಂತ ತಂದ ದುಡ್ಡಿನಲ್ಲಿ ಒಗಟಿನ ಪುಸ್ತಕ ಕೊಂಡು, ವಾಪಸ್ ಬರುವಾಗ ಬಸ್ಸಿನವರಿಗೆಲ್ಲ ಒಗಟು ಹಾಕಿದಳು. ಹೋಗಿದ್ದು ಒಳ್ಳೆಯದಾಯಿತು. ಆದರೆ ಅದು ನೋಡಿ ಬರುವ ಹಬ್ಬ, ನಾವೇ ಮಾಡುವ ಹಬ್ಬ ಅಲ್ಲ.

ಈಗ ಸಂತೆಗೆ ಬರುತ್ತೇನೆ. ನನ್ನ ಮನಸ್ಸು ಇರುವುದು ಇಲ್ಲೇ.

ಮಕ್ಕಳ ಸಂತೆಯನ್ನು ಸಂಕ್ರಾಂತಿಗೆ ಒಂದು ವಾರ ಮುಂಚೆ, ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಇಟ್ಟೆವು. ಗದ್ದೆಯಿಂದ ಮನೆಗೆ ಹೋಗುವವರು ದಾರಿಯಲ್ಲೇ ಇಳಿದು ಕೊಂಡು ಹೋಗಬಹುದು. ಮಕ್ಕಳಿಗೆ ಬಸ್ಸೂ ಸಿಗುತ್ತದೆ. ಶಾಮಿಯಾನ ಬೇಡ, ಹುಣಸೆಮರದ ನೆರಳು ಸಾಕು. ಅವರೆಕಾಯಿ, ಕಬ್ಬು, ಎಳ್ಳು ಬೆಲ್ಲ, ದನಗಳಿಗೆ ಕಟ್ಟುವ ಹೊಸ ಹಗ್ಗ, ಕರಿಬೇವು, ಕೊತ್ತಂಬರಿ, ಎಲ್ಲ ಬಂದವು. ಮದ್ದೂರಿನ ಮಾರುಕಟ್ಟೆಗೆ ಎಳನೀರು ಹಾಕುವ ಮನೆಯ ಹುಡುಗ ಅವತ್ತಿನ ದರ ಕೇಳಿಕೊಂಡು ಬಂದು ಬೋರ್ಡಿನ ಮೇಲೆ ಬರೆದ. ಮಚ್ಚು ಮಾತ್ರ ಅವನ ಕೈಗೆ ಕೊಡಲಿಲ್ಲ, ಅವರಪ್ಪನೇ ಕೆತ್ತಿಕೊಟ್ಟರು.

ಹುರುಳಿ ಮಾರುತ್ತಿದ್ದ ಹತ್ತನೇ ತರಗತಿಯ ಹುಡುಗನ ಮುಂದೆ ಒಬ್ಬ ಅಜ್ಜಿ ಕುಕ್ಕರುಗಾಲಲ್ಲಿ ಕೂತರು. "ಎಲ್ಡ್ ಪಾವು ಹಾಕ್ಲಾ ಮಗ." ಅವನ ಹತ್ತಿರ ಇದ್ದದ್ದು ತಕ್ಕಡಿ, ಗ್ರಾಮಿನ ಬಟ್ಟು. ಅಜ್ಜಿ ಎದ್ದು ಹೋಗಿ ಮನೆಯಿಂದ ಕಾಳು ಅಳೆಯುವ ತಮ್ಮ ಹಿತ್ತಾಳೆ ಪಾವು ತಂದರು. ಅವನು ಪಾವು ತುಂಬಿ, ಕೈಯಿಂದ ಮೇಲೆ ಸವರಿದ. "ಹಂಗ್ ಸವರ್ತಾರೇನ್ಲಾ! ಗುಡ್ಡೆ ಬರಂಗ್ ಹಾಕು." ಗುಡ್ಡೆ ಬರುವ ಹಾಗೆ ಹಾಕಿ, ತೂಕ ನೋಡಿದ. ಇನ್ನೊಂದು ಸಲ ಹಾಕಿ ನೋಡಿದ. ತೂಕ ಬೇರೆ ಬಂತು. ಸುತ್ತ ಹತ್ತು ಮಕ್ಕಳು ಸೇರಿಕೊಂಡರು. ಸವರಿದರೆ ಎಷ್ಟು, ಗುಡ್ಡೆಗೆ ಎಷ್ಟು, ಹುರುಳಿ ಬದಲು ರಾಗಿ ಆದರೆ ಎಷ್ಟು? ಒಬ್ಬಳು ಎಲ್ಲವನ್ನೂ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಮರುದಿನ ನಮ್ಮ ಗಣಿತದ ಮೇಡಂ ಅದೇ ಪಾವನ್ನು ಮೇಜಿನ ಮೇಲೆ ಇಟ್ಟು ಪಾಠ ಶುರು ಮಾಡಿದರು. ಪಾವು ಸಿಲಿಂಡರ್, ಮೇಲಿನ ಗುಡ್ಡೆ ಶಂಕು. ಶಂಕುವಿನ ಘನಫಲ, ಅಷ್ಟೇ ಪಾದ, ಅಷ್ಟೇ ಎತ್ತರದ ಸಿಲಿಂಡರಿನ ಮೂರನೇ ಒಂದು ಭಾಗ. ಎರಡನ್ನೂ ಕೂಡಿದರೆ ಅಜ್ಜಿಗೆ ಸಿಕ್ಕ ಹುರುಳಿ. ಪುಸ್ತಕದಲ್ಲಿ ಇದೇ ಲೆಕ್ಕ ಇದೆ, ಐಸ್‌ಕ್ರೀಮು, ಡೇರೆ ಅಂತ ಬೇರೆ ಹೆಸರಲ್ಲಿ. ಕೊನೆ ಬೆಂಚಿನಿಂದ ಮೊದಲ ಕೈ ಮೇಲೆದ್ದದ್ದು ಆ ಹುರುಳಿ ಹುಡುಗನದು.

ಸಂತೆಯಲ್ಲೂ ತಪ್ಪುಗಳಾದವು. ಮೊದಲ ವರ್ಷ ಒಬ್ಬೊಬ್ಬರೂ ತಮ್ಮ ಮನೆಯಿಂದ ಏನಾದರೂ ತನ್ನಿ ಅಂತ ಹೇಳಿಬಿಟ್ಟಿದ್ದೆ. ಜಮೀನು ಇಲ್ಲದ ಮನೆಯ ಮಕ್ಕಳು ಏನು ತರಬೇಕು? ಐದಾರು ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಆ ಮಾತನ್ನು ಹೇಳುವ ಮುಂಚೆ ನಾನು ಯೋಚಿಸಬೇಕಿತ್ತು. ಎರಡನೇ ವರ್ಷ ಆರಾರು ಮಕ್ಕಳ ಗುಂಪು ಮಾಡಿದೆವು, ಸಾಮಾನು ಗುಂಪಿನದು, ಲಾಭವೂ ಗುಂಪಿನದು. ತೂಕ ಪರೀಕ್ಷಿಸುವವರು, ಚಿಲ್ಲರೆ ಕೊಡುವ ಕೌಂಟರ್‌ನವರು, ಲೆಕ್ಕ ಬರೆಯುವವರು ಅಂತ ಬೇರೆ ಕೆಲಸಗಳನ್ನೂ ಹಂಚಿದೆವು. ಚಿಲ್ಲರೆ ಕೌಂಟರ್ ಇಲ್ಲದಿದ್ದರೆ ಸಂತೆ ಅರ್ಧ ಗಂಟೆಯಲ್ಲಿ ನಿಂತುಹೋಗುತ್ತದೆ, ಎಲ್ಲರೂ ನೂರರ ನೋಟನ್ನೇ ತರುತ್ತಾರೆ. ಪ್ಲಾಸ್ಟಿಕ್ ಕವರ್ ಬೇಡ ಅಂತ ಮೊದಲೇ ಸಾರಿಸಿ, ಹಳೇ ಪೇಪರಿನ ಪೊಟ್ಟಣ ಮಾಡಿಸಿ. ಮಜ್ಜಿಗೆ, ಪಾನಕ ಮಾರುವವರ ನೀರನ್ನು ಶಿಕ್ಷಕರೇ ನಿಂತು ನೋಡಿ. ವಾರದ ಸಂತೆಯ ದಿನವೇ ಇಡಬೇಡಿ.

ಇನ್ನೊಂದು ವಿಷಯ. ಪೋಷಕರ ಸಭೆಗೆ ಕರೆದಾಗ ಬಾರದ ತಾಯಂದಿರು ಸಂತೆಗೆ ಬಂದರು. ಕೂಲಿ ಮುಗಿಸಿ ಬಂದ ಒಬ್ಬ ತಾಯಿ ಕೊತ್ತಂಬರಿ ಕಟ್ಟು ಆರಿಸುತ್ತಾ, ನನ್ನ ಮುಖ ನೋಡದೆ ಕೇಳಿದರು, "ನಮ್ಮುಡುಗ ಓದ್ತಾನಾ ಸಾ?" ಹತ್ತು ನಿಮಿಷ ಮಾತಾಡಿದೆವು. ಕಚೇರಿ ಕೋಣೆಯ ಕುರ್ಚಿಯಲ್ಲಿ ಕೂರಿಸಿ ಕೇಳಿದ್ದರೆ ಅವರು ಹಾಗೆ ಮಾತಾಡುತ್ತಿರಲಿಲ್ಲ.

ಹಾಗಂತ ಕಾರಂಜಿ ಬಿಡಿ ಅನ್ನುವುದಿಲ್ಲ. ಹಾಡುವ ಹುಡುಗಿಗೆ ಅದು ಬೇಕೇ ಬೇಕು. ವಾರ್ಷಿಕೋತ್ಸವದ ದುಡ್ಡಿನ ವಿಷಯದಲ್ಲಿ ಮಾತ್ರ ನನ್ನ ಮಾತು ಗಟ್ಟಿ. ಒಂದೇ ಕಾರ್ಯಕ್ರಮಕ್ಕೆ ದುಡ್ಡು ಇದೆ ಅಂದರೆ ಸಂತೆ ಮಾಡಿ. ಕಳೆದ ಸಲ ನಾವು ಸಂತೆಯ ಕೊನೆ ಅರ್ಧ ಗಂಟೆಯನ್ನು ಕುಣಿತಕ್ಕೆ ಬಿಟ್ಟೆವು. ಮೈಕ್ ಇಲ್ಲ, ವೇದಿಕೆ ಇಲ್ಲ, ಊರಿನ ತಮಟೆಯವರು ಬಂದಿದ್ದರು. ಅಷ್ಟು ಹೊತ್ತಿಗೆ ಹತ್ತನೇ ತರಗತಿಗೆ ಬಂದಿದ್ದ ಆ ಹುಡುಗ ಅಮ್ಮನ ಸೀರೆ ಸುತ್ತಿದ ಪೂಜೆಯನ್ನು ತಲೆ ಮೇಲೆ ಹೊತ್ತು, ಹುಣಸೆಮರದ ಸುತ್ತ ಮೂರು ಸುತ್ತು ಕುಣಿದ.