ಅಗ್ಗದ ಅಟ್ಟಣೆ, ಹನ್ನೊಂದರ ಮಗ: ಜಿಂಕೆ ಬೇಟೆಗೆ ಮಕ್ಕಳನ್ನು ಮರ ಹತ್ತಿಸುವ ಮುನ್ನ

ಮಿಷಿಗನ್ ರಾಜ್ಯದಲ್ಲಿ ಬಂದೂಕಿನ ಜಿಂಕೆ ಬೇಟೆ ಪ್ರತಿ ವರ್ಷ ನವೆಂಬರ್ 15ರಂದೇ ಆರಂಭವಾಗುತ್ತದೆ. ವಾರ ಯಾವುದಾದರೂ ಸರಿ, ಹಳ್ಳಿಗಾಡಿನ ಅನೇಕ ಶಾಲೆಗಳು ಅಂದು ರಜೆ ಕೊಡುತ್ತವೆ. ಎರಡು ವರ್ಷಗಳ ಹಿಂದೆ ಆ ದಿನ ಬೆಳಕು ಹರಿಯುವ ಮೊದಲೇ ನನ್ನ ಹನ್ನೊಂದು ವರ್ಷದ ಮಗ ನೆಲದಿಂದ 15 ಅಡಿ ಎತ್ತರದಲ್ಲಿ, ಒಂದು ಮಗ್ಗುಲಿಗೆ ವಾಲಿದ ಕಬ್ಬಿಣದ ಅಟ್ಟಣೆಯ ಮೇಲೆ, ಯಾವ ಹಗ್ಗದ ಆಸರೆಯೂ ಇಲ್ಲದೆ ಮರವನ್ನು ತಬ್ಬಿಕೊಂಡು ಕುಳಿತಿದ್ದ. ನಾನು ಎಡಗೈ ಮಣಿಕಟ್ಟು ಮುರಿದುಕೊಂಡು ಅದೇ ಮರದ ಬುಡದಲ್ಲಿ ಬಿದ್ದಿದ್ದೆ. ಅವನಿಗೆ ಏನೂ ಆಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆಗದೇ ಇದ್ದುದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ಅಮೆರಿಕದಲ್ಲಿ ನೆಲೆಸಿ, ಇಲ್ಲಿಯವರನ್ನು ನೋಡಿ ಮಕ್ಕಳೊಂದಿಗೆ ಬೇಟೆಗೆ ಹೊರಡುವ ಕನ್ನಡಿಗರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಕಾಣಸಿಗುತ್ತಿದ್ದಾರೆ. ಅವರು ಕಡಿಮೆ ಖರ್ಚಿನಲ್ಲಿ ಮುಗಿಸಲು ಹೋಗಿ ನಾನು ಮಾಡಿದ್ದನ್ನೇ ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಊರಿನಲ್ಲಿ ಕುಳಿತು ಓದುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದು ಪರವಾನಗಿ ಪಡೆದು, ಸರ್ಕಾರ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ನಡೆಯುವ ಅಮೆರಿಕದ ಬೇಟೆಯ ವಿಷಯ. ನಮ್ಮ ಮನೆಯ ಹಿಂದಿನ ಜಮೀನಿನ ಒಡೆಯರು ಸೋಯಾ ಮತ್ತು ಮೆಕ್ಕೆಜೋಳ ಬೆಳೆಯುವ ವೃದ್ಧ ರೈತರು. ವೈಟ್‌ಟೇಲ್ ಜಿಂಕೆಗಳು ಸೋಯಾದ ಎಳೆ ಚಿಗುರನ್ನು ಸಾಲುಸಾಲಾಗಿ ಬೋಳಿಸಿ ಹೋಗುವುದನ್ನು ಕಂಡು ಬೇಸತ್ತ ಅವರೇ ನಮ್ಮನ್ನು ತಮ್ಮ ಕಾಡಂಚಿಗೆ ಕರೆದಿದ್ದರು. ತೀರ್ಥಹಳ್ಳಿಯ ಕಡೆಯವನಾದ ನನಗೆ ಇದು ಹೊಸದೆನ್ನಿಸಲಿಲ್ಲ. ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ನಮ್ಮಜ್ಜ ಮಾಳ, ಅಂದರೆ ಕಾವಲಿನ ಅಟ್ಟಣೆ, ಕಟ್ಟಿ ರಾತ್ರಿಯಿಡೀ ಕಾಯುತ್ತಿದ್ದರು, ಮಳೆಗಾಲದ ಆ ಮಾಳದಲ್ಲಿ ಅವರ ಕಂಬಳಿಯೊಳಗೆ ನಾನೂ ಮಲಗಿದ್ದೇನೆ. ಆ ನೆನಪೇ ನನ್ನನ್ನು ಕೆಡಿಸಿತೋ ಏನೋ. ಮರಕ್ಕೊಂದು ಅಟ್ಟಣೆ ಕಟ್ಟುವುದರಲ್ಲಿ ಏನು ಮಹಾ ವಿದ್ಯೆಯಿದೆ ಎಂಬ ಉಡಾಫೆ ನನ್ನಲ್ಲಿತ್ತು. ಅಜ್ಜ ಪ್ರತಿ ವರ್ಷ ಹಳೆಯ ಕಟ್ಟುಗಳನ್ನೆಲ್ಲ ಕೊಯ್ದು ಹೊಸ ಬಳ್ಳಿಯಿಂದಲೇ ಮಾಳ ಬಿಗಿಯುತ್ತಿದ್ದರು ಎಂಬುದು ಮಾತ್ರ ಆಗ ನೆನಪಿಗೆ ಬರಲಿಲ್ಲ.

ಇಲ್ಲಿ ಬೇಟೆಗಾರರು ಬಳಸುವ ಟ್ರೀ ಸ್ಟ್ಯಾಂಡ್‌ಗಳಲ್ಲಿ ಹಲವು ಬಗೆಗಳಿವೆ. ಮರಕ್ಕೆ ಬಿಗಿದು ತೂಗುಹಾಕುವ ಪುಟ್ಟ ಹಲಗೆಯಂಥವು, ಕಂಬಳಿಹುಳುವಿನಂತೆ ಮೇಲಕ್ಕೆ ಸರಿಸಿಕೊಂಡು ಹತ್ತುವಂಥವು, ಏಣಿಯ ತುದಿಗೇ ಆಸನವಿರುವಂಥವು. ಮಕ್ಕಳಿದ್ದಾಗ ಎಲ್ಲರೂ ಹೇಳುವುದು ಇಬ್ಬರು ಅಕ್ಕಪಕ್ಕ ಕೂರಬಹುದಾದ ಏಣಿಯ ಅಟ್ಟಣೆಯನ್ನು, ಮತ್ತು ಆ ಸಲಹೆ ತಪ್ಪಲ್ಲ. ಹೊಸದಕ್ಕೆ ಸುಮಾರು 200 ಡಾಲರ್ ಆಗುತ್ತಿತ್ತು. ಬೇಸಿಗೆಯಲ್ಲಿ ಒಂದು ಗರಾಜ್ ಸೇಲಿನಲ್ಲಿ ಹಳೆಯದೊಂದು 60 ಡಾಲರಿಗೆ ಸಿಕ್ಕಿತು. ಮಾರಿದವರು ಬೋಲ್ಟುಗಳನ್ನು ಒಂದು ಕಾಫಿ ಡಬ್ಬಿಯಲ್ಲಿ ಹಾಕಿಕೊಟ್ಟರು. ಕೈಪಿಡಿ ಇರಲಿಲ್ಲ. ತೂಕದ ಮಿತಿ ಮತ್ತು ತಯಾರಾದ ವರ್ಷ ಬರೆದಿರಬೇಕಾದ ಚೀಟಿ ಬಿಸಿಲಿಗೆ ಬೆಳ್ಳಗಾಗಿ ಓದಲು ಬರುತ್ತಿರಲಿಲ್ಲ. ಹೊಸ ಅಟ್ಟಣೆಯ ಪೆಟ್ಟಿಗೆಯಲ್ಲೇ ಬರುವ ಹಾರ್ನೆಸ್, ಅಂದರೆ ಎದೆಗೂ ತೊಡೆಗೂ ಕಟ್ಟಿಕೊಳ್ಳುವ ರಕ್ಷಾಪಟ್ಟಿಯೂ ಇರಲಿಲ್ಲ. ಏಣಿಯ ನಡುವಿನಿಂದ ಮರದ ಕಾಂಡಕ್ಕೆ ಅಡ್ಡಲಾಗಿ ಕೂರುವ ಒಂದು ಊರೆಕೋಲು ಇರಬೇಕು, ಅದೂ ಇಲ್ಲವೆಂಬುದು ನನಗೆ ತಿಳಿದದ್ದು ಆಸ್ಪತ್ರೆಯಿಂದ ಮರಳಿದ ಮೇಲೆ. ಗೊತ್ತಿಲ್ಲದ ವಸ್ತು ಕಳೆದುಹೋಗಿದೆ ಎಂದು ಯಾರಿಗೆ ಗೊತ್ತಾದೀತು?

ಆಗಸ್ಟ್ ತಿಂಗಳ ಒಂದು ಭಾನುವಾರ ನಾನೂ ಮಗನೂ ಸೇರಿ ಅದನ್ನು ನಿಲ್ಲಿಸಿದೆವು. ಏಣಿಯ ಅಟ್ಟಣೆಯನ್ನು ಎಬ್ಬಿಸಲು ಮೂವರು ದೊಡ್ಡವರು ಬೇಕು. ಮೇಲಿನ ಪಟ್ಟಿಯನ್ನು ಬಿಗಿಯಲು ಮೊದಲ ಸಲ ಹತ್ತುವಾಗ ಅದನ್ನು ಮರಕ್ಕೆ ಹಿಡಿದಿಡುವ ಕಟ್ಟು ಮೇಲ್ತುದಿಯಲ್ಲಿ ಇನ್ನೂ ಬಿದ್ದಿರುವುದಿಲ್ಲ. ಆದ್ದರಿಂದ ಬುಡವನ್ನು ಇಬ್ಬರು ಅದುಮಿ ಹಿಡಿಯಬೇಕು, ಹತ್ತುವವನು ಮರಕ್ಕೆ ತನ್ನನ್ನು ಕಟ್ಟಿಕೊಂಡೇ ಹತ್ತಬೇಕು. ನಾನು ಐದನೆಯ ತರಗತಿಯ ಹುಡುಗನ ಕೈಗೆ ಏಣಿ ಕೊಟ್ಟು ಹತ್ತಿದೆ. ಆಸನವನ್ನು ಕಾಂಡಕ್ಕೆ ಹಿಡಿಸಿದ್ದು ಹಿಡಿಯಾಡಿಸಿ ಬಿಗಿಯುವ ಎರಡು ರ‍್ಯಾಚೆಟ್ ಪಟ್ಟಿಗಳು. ಅವು ಅಟ್ಟಣೆಯ ಜೊತೆಗೇ ಬಂದವು. ಒಂದು ಕಾಲಕ್ಕೆ ಕಪ್ಪಾಗಿದ್ದು ಈಗ ಬೂದಿಬಣ್ಣಕ್ಕೆ ತಿರುಗಿದ್ದವು. ಜಗ್ಗಿ ನೋಡಿದೆ, ಗಟ್ಟಿಯಾಗಿವೆ ಅನ್ನಿಸಿತು. ಹೊಸ ಪಟ್ಟಿಗಳ ಜೋಡಿಗೆ 20 ಡಾಲರ್ ಆಗುತ್ತಿರಲಿಲ್ಲ.

ಮರವನ್ನು ಆರಿಸಿದ್ದೂ ನಾನೇ. ಜಿಂಕೆಗಳ ಜಾಡು ಎರಡು ಕವಲಾಗುವ ಜಾಗದಲ್ಲಿ ನೇರವಾಗಿ ನಿಂತಿದ್ದ ಒಂದು ಆ್ಯಶ್ ಮರ. ಅದರ ತಲೆಯಲ್ಲಿ ಎಲೆ ವಿರಳವಾಗಿತ್ತು. ನೋಟ ಚೆನ್ನಾಗಿ ಸಿಗುತ್ತದೆಂದು ಅದನ್ನೇ ಒಂದು ಅನುಕೂಲವೆಂದುಕೊಂಡೆ.

ನವೆಂಬರ್ 15ರ ಬೆಳಿಗ್ಗೆ ಆರೂಕಾಲಕ್ಕೆ ನಾವು ಮರದ ಬಳಿ ಇದ್ದೆವು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಗುಂಡು ಹಾರಿಸಲು ಅನುಮತಿಯಿದೆ, ಅಷ್ಟರೊಳಗೆ ಮೇಲೇರಿ ಸದ್ದಡಗಿ ಕೂರಬೇಕು ಎಂಬ ಅವಸರ. ಏಣಿಯ ಮೆಟ್ಟಿಲುಗಳ ಮೇಲೆ ಹಿಮದ ಪುಡಿ ತೆಳ್ಳಗೆ ಕೂತಿತ್ತು. ಬಂದೂಕನ್ನು ಗುಂಡು ತುಂಬದೆ, ಚೇಂಬರ್ ತೆರೆದು, ಆಮೇಲೆ ಹಗ್ಗದಿಂದ ಎಳೆದುಕೊಳ್ಳಲೆಂದು ಕೆಳಗೇ ಇಟ್ಟಿದ್ದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಮಗ ಮೊದಲು ಹತ್ತಿದ. ಅವನ ಮೈಮೇಲೆ ನನ್ನ ಇನ್ನೊಂದು ಹಾರ್ನೆಸ್ ಇತ್ತು, ಪಟ್ಟಿಗಳನ್ನು ಕೊನೆಯ ತೂತಿನವರೆಗೆ ಎಳೆದರೂ ತೊಡೆಯ ಬಳಿ ಜೋತುಬೀಳುತ್ತಿತ್ತು. ಅದನ್ನು ಮರಕ್ಕೆ ಸಿಕ್ಕಿಸುವುದು ಆಸನದಲ್ಲಿ ಕೂತ ಮೇಲೆ ಎಂದು ನಾನೇ ಹೇಳಿಕೊಟ್ಟಿದ್ದೆ. ಅವನು ಮೇಲೆ ಹೋಗಿ ಕೂರಲು ತಿರುಗುತ್ತಿದ್ದಾಗಲೇ, ಹೊತ್ತಾಯಿತೆಂದು, ನಾನೂ ಏಣಿಗೆ ಕಾಲಿಟ್ಟೆ.

ಏಣಿಯ ಮೇಲೆ ಒಮ್ಮೆಗೆ ಒಬ್ಬರೇ ಇರಬೇಕು. ನಡುವಿನ ಊರೆಕೋಲು ಇಲ್ಲದ ಏಣಿ ನನ್ನ ಭಾರಕ್ಕೆ ಮರದತ್ತ ಬಾಗಿತು. ಮೇಲೆ ಪಟ್ಟೆಂದು ಒಂದು ಸದ್ದಾಯಿತು, ಒಣಗಿದ ಬಿದಿರು ಸೀಳಿದಂತೆ. ಆಸನದ ಎಡಬದಿ ಕಾಂಡದ ಸುತ್ತ ಅರ್ಧ ಅಡಿ ಜಾರಿ ಒಂದು ಮುರಿದ ಕೊಂಬೆಯ ಮೊಟಕಿಗೆ ಸಿಕ್ಕಿ ನಿಂತಿತು. ಏಣಿ ಹೊರಳಿದ ರಭಸಕ್ಕೆ ನಾನು ಏಳೆಂಟು ಅಡಿಯಿಂದ ಕೈಯೂರಿ ಬಿದ್ದೆ. ಕತ್ತಲಲ್ಲಿ ಮೇಲಿನಿಂದ ಒಂದು ಸಣ್ಣ ಧ್ವನಿ ಬಂತು: “ಅಪ್ಪಾ, ನಾನು ಮರ ಹಿಡ್ಕೊಂಡಿದೀನಿ. ನೀನು ಎಲ್ಲಿದೀಯ?”

ಮುಂದಿನ 25 ನಿಮಿಷ ನಾನು ಬಲಗೈಯಲ್ಲಿ ಟಾರ್ಚ್ ಹಿಡಿದು ಮೇಲಕ್ಕೆ ಬೆಳಕು ಹಾಯಿಸುತ್ತ ಅವನೊಂದಿಗೆ ಮಾತನಾಡುತ್ತಲೇ ಇದ್ದೆ. ಹಾರ್ನೆಸ್ಸನ್ನು ಮರಕ್ಕೆ ಸಿಕ್ಕಿಸಲೆಂದು ಅವನು ಕೊರಳಿಗೆ ಸುತ್ತಿಕೊಂಡಿದ್ದ ಪಟ್ಟಿಯನ್ನು ಬಿಚ್ಚಿಸಿ, ಕಾಂಡದ ಹಿಂದಿನಿಂದ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, ಕೊಂಡಿ ಹಾಕಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಕೊಂಡಿ ಮುಚ್ಚಿದ ಟಕ್ಕೆನ್ನುವ ಸದ್ದು ಕೇಳಿದ ಮೇಲೆಯೇ ನನ್ನ ಕೈ ನೋಯುತ್ತಿರುವುದು ನನಗೆ ತಿಳಿದದ್ದು. ಫೋನ್ ಜಾಕೆಟಿನ ಎದೆಯ ಜೇಬಿನಲ್ಲಿತ್ತು, ಅದಕ್ಕೆ ಸಿಗ್ನಲ್ಲೂ ಇತ್ತು. ಕರೆ ಮಾಡಿದೆ, ನೆರೆಯ ರೈತರು ತಮ್ಮ ಮಗನನ್ನು ಕರೆದುಕೊಂಡು ಉದ್ದನೆಯ ಏಣಿಯೊಂದಿಗೆ ಬಂದು ನನ್ನ ಹುಡುಗನನ್ನು ಇಳಿಸಿದರು. ಬೇಟೆಯ ಚೀಲದಲ್ಲಿಟ್ಟರೆ ಸದ್ದು ಮಾಡುತ್ತದೆಂದು ಫೋನನ್ನು ಕಾರಿನಲ್ಲೇ ಬಿಟ್ಟು ಹೋಗುವವರಿದ್ದಾರೆ, ದಯವಿಟ್ಟು ಬಿಡಬೇಡಿ.

ಕೈಗೆ ಪಟ್ಟು ಹಾಕಿಸಿಕೊಂಡು ಬಂದ ವಾರದ ನಂತರ ಮರದ ಬಳಿ ಹೋಗಿ ನೋಡಿದೆ. ತುಂಡಾದ ಪಟ್ಟಿಯನ್ನು ಮಡಚಿದರೆ ಮಡಿಕೆಯಲ್ಲಿ ನೂಲು ಹುಡಿಯಾಗುತ್ತಿತ್ತು. ರ‍್ಯಾಚೆಟ್‌ನ ಕೆಳಗೆ ಅಡಗಿದ್ದ ಭಾಗದ ಒಂದು ಅಂಚನ್ನು ಅಳಿಲು ಕಡಿದ ಗುರುತೂ ಇತ್ತು. ಬಿಸಿಲು ಇಂಥ ಪಟ್ಟಿಗಳ ನೂಲನ್ನು ಮೆಲ್ಲಗೆ ತಿನ್ನುತ್ತದೆ, ಕೈಯಿಂದ ಜಗ್ಗಿದರೆ ಅದು ತಿಳಿಯುವುದಿಲ್ಲ. ಅಷ್ಟರಲ್ಲಿ ರೈತರು ಚಾಕುವಿನಿಂದ ಮರದ ತೊಗಟೆಯ ಒಂದು ಚಕ್ಕೆಯನ್ನು ಎಬ್ಬಿಸಿ ತೋರಿಸಿದರು. ಒಳಗೆ ಹಾವು ಹರಿದಂತೆ ಸುತ್ತುಸುತ್ತಾದ ಜಾಡುಗಳು, ಹೊರಗೆ ಅರ್ಧಚಂದ್ರದಂಥ ಪುಟ್ಟ ರಂಧ್ರಗಳು. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆಯ ಕೆಲಸ. ಏಷ್ಯಾದಿಂದ ಬಂದ ಈ ಕೀಟವನ್ನು ಅಮೆರಿಕದಲ್ಲಿ ಮೊದಲು ಗುರುತಿಸಿದ್ದು 2002ರಲ್ಲಿ, ಇದೇ ಮಿಷಿಗನ್‌ನ ಆಗ್ನೇಯ ಭಾಗದಲ್ಲಿ. ಅಲ್ಲಿಂದೀಚೆಗೆ ಅದು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಸತ್ತ ಆ್ಯಶ್ ಬೇಗನೆ ಪೆಡಸಾಗಿ, ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ತಲೆಯಲ್ಲಿ ಎಲೆ ವಿರಳವಾದದ್ದು ಆ ರೋಗದ ಮೊದಲ ಲಕ್ಷಣಗಳಲ್ಲಿ ಒಂದು. ಪಟ್ಟಿ ಅಂದು ಹರಿಯದಿದ್ದರೆ ಮುಂದೊಂದು ಗಾಳಿಯ ದಿನ ಮರವೇ ನಮ್ಮೊಂದಿಗೆ ಇಳಿದುಬರುತ್ತಿತ್ತು. ಕೇಳಿದ್ದರೆ ಆಗಸ್ಟಿನಲ್ಲೇ ಹೇಳುತ್ತಿದ್ದೆ ಎಂದರು ಆ ಹಿರಿಯರು, ಬೇಸರವಿಲ್ಲದೆ.

ಆದ್ದರಿಂದ ಮಕ್ಕಳೊಂದಿಗೆ ಹೊರಟವರು ಮೊದಲು ಹಣ ಹಾಕಬೇಕಾದದ್ದು ಅಟ್ಟಣೆಗಲ್ಲ, ಹಾರ್ನೆಸ್‌ಗೆ. ಅಟ್ಟಣೆಯ ಪೆಟ್ಟಿಗೆಯಲ್ಲಿ ಬರುವ ಹಾರ್ನೆಸ್‌ಗಳಲ್ಲಿ ಹೆಚ್ಚಿನವು 120ರಿಂದ 300 ಪೌಂಡ್ ತೂಕದವರಿಗೆಂದು ಮಾಡಿದವು. ನನ್ನ ಮಗ ಆಗ ತೂಗುತ್ತಿದ್ದದ್ದು 78 ಪೌಂಡ್. ಅಂಥ ಸಡಿಲ ಪಟ್ಟಿಯಲ್ಲಿ ಮಗು ಬಿದ್ದರೆ, ತಲೆಕೆಳಗಾಗಿ ಅದರಿಂದಲೇ ಜಾರಿಹೋಗಬಹುದು. ಮಕ್ಕಳ ಅಳತೆಯ ಹಾರ್ನೆಸ್ ಬೇರೆಯೇ ಸಿಗುತ್ತದೆ. ಅದರ ಮೇಲಿನ ತೂಕದ ಮಿತಿಯನ್ನು ಓದಿ, ದಪ್ಪನೆಯ ಚಳಿಗಾಲದ ಬಟ್ಟೆಯ ಮೇಲೆ ತೊಡಿಸಿ ನೋಡಿಯೇ ಕೊಳ್ಳಿ. ಅದರೊಂದಿಗೆ ಲೈಫ್‌ಲೈನ್ ಎಂಬ ಹಗ್ಗವೊಂದು ಬೇಕು. ಆಸನಕ್ಕಿಂತ ಮೇಲೆ ಕಾಂಡಕ್ಕೆ ಕಟ್ಟಿ ಬುಡದವರೆಗೆ ಇಳಿಬಿಟ್ಟ ಆ ಹಗ್ಗದಲ್ಲಿ ಪ್ರೂಸಿಕ್ ಎಂಬ ಗಂಟು ಇರುತ್ತದೆ. ಕೈಯಿಂದ ಸರಿಸಿದರೆ ಮೇಲಕ್ಕೂ ಕೆಳಕ್ಕೂ ಸರಿಯುವ ಅದು, ಭಾರ ಬಿದ್ದೊಡನೆ ಹಗ್ಗವನ್ನು ಕಚ್ಚಿಕೊಳ್ಳುತ್ತದೆ. ಮಗು ನೆಲದ ಮೇಲೆ ನಿಂತಿರುವಾಗಲೇ ಕೊಂಡಿ ಹಾಕಿದರೆ ಮರಳಿ ನೆಲ ಮುಟ್ಟುವವರೆಗೆ ಬಿಚ್ಚುವ ಪ್ರಮೇಯವೇ ಇರುವುದಿಲ್ಲ. ಮರದಿಂದ ಬೀಳುವವರು ಹೆಚ್ಚಾಗಿ ಬೀಳುವುದು ಹತ್ತುವಾಗ, ಇಳಿಯುವಾಗ, ಏಣಿಯಿಂದ ಆಸನಕ್ಕೆ ಕಾಲಿಡುವಾಗ. ಕೂತ ಮೇಲೆ ಸಿಕ್ಕಿಸಿದರಾಯಿತು ಎಂಬ ನನ್ನ ಪಾಠ ಬಿಟ್ಟದ್ದು ಸರಿಯಾಗಿ ಆ ಹೊತ್ತುಗಳನ್ನೇ.

ಕೊಂಡಿಯ ಪಟ್ಟಿ ಉದ್ದವಾಗಿರಬಾರದು. ಕೂತಾಗ ಅದರಲ್ಲಿ ಸಡಿಲವೇ ಇಲ್ಲದಂತೆ ಗಂಟನ್ನು ಮೇಲೆ ಸರಿಸಿಡಬೇಕು. ಬಿದ್ದು ಹಾರ್ನೆಸ್‌ನಲ್ಲಿ ಜೋತಾಡುವುದೂ ಅಪಾಯವೇ, ತೊಡೆಯ ಪಟ್ಟಿಗಳು ರಕ್ತದ ಓಟವನ್ನು ತಡೆದು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಬಹುದು. ಅದಕ್ಕೆಂದೇ ಕಾಲೂರಿ ನಿಲ್ಲಲು ಒಂದು ಕುಣಿಕೆಯ ಪಟ್ಟಿ ಹಾರ್ನೆಸ್‌ನೊಂದಿಗೆ ಬರುತ್ತದೆ. ಅದನ್ನು ಬಳಸುವುದನ್ನು ಮನೆಯಂಗಳದ ಮರದಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ಹಗಲು ಹೊತ್ತಿನಲ್ಲಿ ಮಕ್ಕಳಿಗೆ ಕಲಿಸಿ. ನಾವು ಇದನ್ನು ಆಮೇಲೆ ಮಾಡಿದೆವು. ಮಗಳಿಗಂತೂ ಅದು ಜೋಕಾಲಿಯಾಯಿತು.

ಅಟ್ಟಣೆಯನ್ನು ಕೊಳ್ಳುವುದೇ ಆದರೆ ಟ್ರೀಸ್ಟ್ಯಾಂಡ್ ಮ್ಯಾನುಫ್ಯಾಕ್ಚರರ್ಸ್ ಅಸೋಸಿಯೇಷನ್‌ನ ಮಾನದಂಡಕ್ಕೆ ಪರೀಕ್ಷಿಸಿದ ಗುರುತಿರುವ ಹೊಸದನ್ನೇ ಕೊಳ್ಳಿ. ಹಳೆಯದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಅದರ ಮಾದರಿಯ ಹೆಸರು ಹಿಡಿದು ಅಮೆರಿಕ ಸರ್ಕಾರದ ಕನ್ಸ್ಯೂಮರ್ ಪ್ರಾಡಕ್ಟ್ ಸೇಫ್ಟಿ ಕಮಿಷನ್ ಹಿಂದಕ್ಕೆ ಕರೆಸಿದ ವಸ್ತುಗಳ ಪಟ್ಟಿಯಲ್ಲಿ ಹುಡುಕಿ ನೋಡಿ. ಹೆಸರು ಓದಲು ಬರದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅಟ್ಟಣೆಯನ್ನು ಮರಕ್ಕೆ ಬಿಗಿಯುವ ಪಟ್ಟಿಗಳನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಋತು ಮುಗಿದ ಮೇಲೆ ಬಿಚ್ಚಿಡಿ. ಬಿಚ್ಚದಿದ್ದರೆ ಬೆಳೆಯುವ ಮರವೇ ಅವನ್ನು ಒಳಗಿನಿಂದ ಬಿಗಿದು ಹರಿಯುತ್ತದೆ. ಮರ ಜೀವಂತವಾಗಿ, ನೆಟ್ಟಗೆ ಇರಲಿ. ಓಕ್ ಸಿಕ್ಕರೆ ಒಳ್ಳೆಯದು. ಮಗುವಿಗೆ 15 ಅಡಿಯ ಎತ್ತರದ ಅಗತ್ಯವೂ ಇಲ್ಲ, ಹತ್ತು ಅಡಿ ಸಾಕು.

ಇಷ್ಟೆಲ್ಲಕ್ಕೆ ಹಣ ಹೊಂದದಿದ್ದರೆ, ನೆಲದ ಮೇಲೆ ಕೂರಿ. ಕೊಡೆಯಂತೆ ಬಿಚ್ಚುವ ಬಟ್ಟೆಯ ಗುಡಾರ ಸುಮಾರು 100 ಡಾಲರಿಗೆ ಸಿಗುತ್ತದೆ. ಎರಡು ಮಡಚುವ ಸ್ಟೂಲು, ಒಂದು ಫ್ಲಾಸ್ಕು, ಮಗುವಿಗೆ ಹೊದೆಯಲು ಕಂಬಳಿ ಇದ್ದರೆ ಸಾಕು. ಜಿಂಕೆಗಳಿಗೆ ರೂಢಿಯಾಗಲಿ ಎಂದು ಎರಡು ಮೂರು ವಾರ ಮೊದಲೇ ಅದನ್ನು ನಿಲ್ಲಿಸಿ, ಬೇರೆ ಬೇಟೆಗಾರರಿಗೆ ಕಾಣುವಂತೆ ಅದರ ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಬಟ್ಟೆ ಕಟ್ಟಿ. ಮರದ ಮೇಲಿನಷ್ಟು ನೋಟ ಸಿಗುವುದಿಲ್ಲ, ಗಾಳಿಯಲ್ಲಿ ನಮ್ಮ ವಾಸನೆಯೂ ಬೇಗ ಹರಡುತ್ತದೆ ಎಂಬುದು ನಿಜ. ಆದರೆ ಹನ್ನೊಂದು ವರ್ಷದ ಹುಡುಗ ಎರಡು ಗಂಟೆ ಅಲ್ಲಾಡದೆ ಕೂರುವವನಲ್ಲ. ಕಳೆದ ವರ್ಷ ಗುಡಾರದಲ್ಲಿ ನನ್ನ ಮಗ ನಿದ್ದೆ ಹೋದ, ಎದ್ದ, ಚಕ್ಕುಲಿ ತಿಂದ, ಸ್ಟೂಲನ್ನು ಒದ್ದು ಬೀಳಿಸಿದ. ಜೋಳದ ಕೂಳೆಯಂಚಿಗೆ ಬಂದಿದ್ದ ಹೆಣ್ಣು ಜಿಂಕೆಯೊಂದು ಬಾಲ ಎತ್ತಿ ಓಡಿತು.

ಆ ಹಳೆಯ ಅಟ್ಟಣೆಯನ್ನು ಬಿಚ್ಚಿ ಗರಾಜಿನ ಹಿಂದೆ ಇಟ್ಟಿದ್ದಾಗ ದಾರಿಯಲ್ಲಿ ಹೋಗುವವರೊಬ್ಬರು ನಿಂತು 40 ಡಾಲರಿಗೆ ಕೊಡುವಿರಾ ಎಂದು ಕೇಳಿದರು. ಅವರ ಪಿಕಪ್ ಗಾಡಿಯ ಹಿಂದಿನ ಸೀಟಿನಲ್ಲಿ ಮಗುವಿನ ಸೀಟೊಂದಿತ್ತು. ಆ ವಾರಾಂತ್ಯವೇ ಗ್ರೈಂಡರ್ ತಂದು ಏಣಿಯನ್ನು ಮೂರು ಮೂರು ಅಡಿಗೆ ತುಂಡರಿಸಿ ಗುಜರಿಗೆ ಹಾಕಿದೆ. ಪಟ್ಟಿಯ ತುಂಡೊಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಬೇಟೆಗೆ ಹೊರಡುತ್ತೇವೆಂದು ಮನೆಗೆ ಬಂದು ಹೇಳುವವರ ಕೈಗೆ ಅದನ್ನು ಕೊಟ್ಟು ಮಡಚಿ ನೋಡಲು ಹೇಳುತ್ತೇನೆ.